ನಾಯಿಯ ಪಾಲು

ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೋಗುವವರು ಸುಗ್ಗಿ ಮುಗಿದ ಮೇಲೆ ಎರೆಹೊಲಗಳಲ್ಲಿ ಒಂದು ನೋಟವನ್ನು ಕಂಡೇ ಕಾಣುತ್ತಾರೆ. ಬರಿದಾದ ಹೊಲದ ನಡುವೆ ಕುರಿಯ ಹಿಂಡನ್ನು ತರುಬಿರುತ್ತಾರೆ. ಒಂದು ಬದಿಗೆ ಕುರುಬರ ಕಂಬಳಿ, ಮೂರು ಕಲ್ಲಿನ ಒಲೆ, ಒಲೆಯ ಮೇಲೆ ನುಚ್ಚಿನ ಗಡಿಗೆ. ಹಿಂಡಿನ ಹೊರಗೆ, ಒಲೆಯ ಬೆಳಕಿಗೂ ಹೊಲದ ಕತ್ತಲೆಗೂ ಸರಿಯಾಗಿ ಗಡಿಯಲ್ಲಿ, ಎರಡು ನಾಯಿಗಳು ಮಲಗಿರುತ್ತವೆ. ಅವುಗಳ ಕೊರಳಿಗೆ ಹಗ್ಗವಿಲ್ಲ. ಎದ್ದು ಹೋಗಬೇಕೆಂದರೆ ತಡೆಯುವವರಿಲ್ಲ. ಆದರೂ ಅವು ಹೋಗುವುದಿಲ್ಲ. ಕುರಿಯ ಗೊಬ್ಬರಕ್ಕಾಗಿ ಹೊಲದವನು ಕುರುಬನಿಗೆ ಕಾಳು ಕೊಡುತ್ತಾನೆ. ಆ ಕಾಳಿನ ನುಚ್ಚಿನಲ್ಲಿ ಕುರುಬನು ನಾಯಿಗೊಂದು ಪಾಲು ಹಾಕುತ್ತಾನೆ. ತೋಳ ಬಂದರೆ ನಾಯಿ ಎಬ್ಬಿಸುತ್ತದೆ. ಬರವಣಿಗೆಯಿಲ್ಲದ ಈ ಕರಾರು ಎಷ್ಟು ಹಳೆಯದೆಂದು ಹೊಲದವನನ್ನು ಕೇಳಿದರೆ ಅವನು ನಕ್ಕಾನು.

ಇದೆಲ್ಲ ನೆನಪಾದುದು ಬೈಲಹೊಂಗಲದ ಒಬ್ಬ ತರುಣ ಮಿತ್ರರ ಪ್ರಶ್ನೆಯಿಂದ. ಅವರು ಹೊಸದಾಗಿ ಕಟ್ಟಿಸಿದ ಮನೆಯ ಮಾಳಿಗೆಯ ಮೇಲೆ ಒಂದು ನಾಯಿಯನ್ನು ಇಟ್ಟುಕೊಂಡಿದ್ದಾರೆ. ಒಳ್ಳೆಯ ಜಾತಿಯದು, ಒಳ್ಳೆಯ ಬೆಲೆಯದು. ಹಗಲೆಲ್ಲ ಸರಪಳಿಯಲ್ಲಿದ್ದು ರಾತ್ರಿಯೆಲ್ಲ ಬೊಗಳುತ್ತದೆ. “ಮನುಷ್ಯನೂ ನಾಯಿಯೂ ಕೂಡಿಯೇ ವಿಕಾಸಹೊಂದಿದವರೆಂದು ವಿಜ್ಞಾನಿಗಳು ಹೇಳುತ್ತಾರೆ. ಅಂದಮೇಲೆ ನಾಯಿಯನ್ನು ಸಾಕುವುದು ಸಹಜಧರ್ಮವೇ ಅಲ್ಲವೆ? ನನ್ನ ನಾಯಿಗೇಕೆ ಸಮಾಧಾನವಿಲ್ಲ?” ಎಂದು ಅವರು ಕೇಳಿದರು. ಕೂಡಿ ಬಾಳಿದುದು ನಿಜ. ಆದರೆ ಕೂಡಿ ಬಾಳುವುದು ಬೇರೆ, ಸಾಕುವುದು ಬೇರೆ ಎಂದು ಆಗ ನಾನು ಹೇಳಿದೆ. ಹೇಳಿದ ಮೇಲೆ, ಇದಕ್ಕೆ ಆಧಾರವೇನೆಂದು ನನ್ನನ್ನೇ ಕೇಳಿಕೊಳ್ಳಬೇಕಾಯಿತು.

ಮೊದಲು ವಿಜ್ಞಾನದ ಮಾತು. ಮನುಷ್ಯನು ಬಿತ್ತಿ ಬೆಳೆಯಲು ಕಲಿಯುವ ಮೊದಲೇ, ಆಕಳನ್ನಾಗಲಿ ಕುರಿಯನ್ನಾಗಲಿ ಕಟ್ಟುವ ಮೊದಲೇ, ನಾಯಿ ಅವನ ಸಂಗಡ ಇದ್ದಿತು. ಕನಿಷ್ಠ ಹದಿನಾಲ್ಕು ಸಾವಿರ ವರ್ಷಗಳ ಹಿಂದಿನ ಎಲುಬುಗಳು ಇದಕ್ಕೆ ಸಾಕ್ಷಿಯಾಗಿವೆ. ತೋಳದ ಕುಲದಿಂದ ಬಂದುದು ಖಂಡಿತ. ಆದರೆ ಇಂದು ಬದುಕಿರುವ ಯಾವ ತೋಳವೂ ಅದರ ನೇರವಾದ ತಾಯಿಯಲ್ಲ. ಸವದತ್ತಿಯ ಕುರಿಹಟ್ಟಿಯ ಸುತ್ತ ಸುಳಿಯುವ ತೋಳವೂ ಹಟ್ಟಿ ಕಾಯುವ ನಾಯಿಯೂ ದೂರದ ದಾಯಾದಿಗಳೇ ಹೊರತು ತಾಯಿಮಕ್ಕಳಲ್ಲ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನಮ್ಮ ಸೀಮೆಯವರಿಗೆ ವಿಶೇಷವಾಗಿ ರುಚಿಸುವಂತಹದು. ಪಿಷ್ಟವನ್ನು ಅರಗಿಸುವ ರಸವನ್ನು ಹುಟ್ಟಿಸುವ ಜೀನು ತೋಳದಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿಗಳಲ್ಲಿರುತ್ತದೆ. ನಾಯಿಯಲ್ಲಿ ಅದು ಹಲವು ಪಟ್ಟು ಹೆಚ್ಚಿದೆ. ಬೇರೆ ಬಗೆಯಲ್ಲಿ ಮನುಷ್ಯನಲ್ಲಿಯೂ ಇಂಥದೇ ಹೆಚ್ಚಳವಾಗಿದೆ. ಎಂದರೆ, ಜೋಳದ ರೊಟ್ಟಿಯ ತುಣುಕನ್ನು ತಿಂದು ಬದುಕಬಲ್ಲ ಪ್ರಾಣಿಯಾಗಿ ನಾಯಿ ಮಾರ್ಪಟ್ಟುದು ನಮ್ಮ ಒಲೆಯ ಪಕ್ಕದಲ್ಲಿಯೇ. ಅನ್ನದ ಋಣವು ಬರೀ ನೀತಿಯ ಮಾತೆಂದು ತಿಳಿದಿದ್ದೆವು. ಅದು ರಕ್ತಕ್ಕೂ ಇಳಿದಿದೆ.

ಜಪಾನಿನ ವಿದ್ವಾಂಸರು 2015ರಲ್ಲಿ ಇನ್ನೊಂದನ್ನು ತೋರಿಸಿದರು. ನಾಯಿಯೂ ಅದರ ಯಜಮಾನನೂ ಒಬ್ಬರ ಕಣ್ಣನ್ನೊಬ್ಬರು ನೋಡುವಾಗ, ತಾಯಿಯೂ ಮಗುವೂ ನೋಡಿಕೊಳ್ಳುವಾಗ ಏರುವ ರಸವೇ ಇಬ್ಬರಲ್ಲಿಯೂ ಏರುತ್ತದೆ. ಕೈಯಲ್ಲೇ ಬೆಳೆಸಿದ ತೋಳಗಳಲ್ಲಿ ಹಾಗೆ ಕಂಡುಬರಲಿಲ್ಲ. ನಮ್ಮ ದೇಶದ ಬೀದಿನಾಯಿಗಳೂ, ಯಾರೂ ಕಲಿಸದಿದ್ದರೂ, ಮನುಷ್ಯನು ಬೆರಳು ತೋರಿದ ಕಡೆಗೆ ಹೋಗುತ್ತವೆಂದು ಬಂಗಾಳದಲ್ಲಿ ನಡೆದ ಪರೀಕ್ಷೆಗಳು ಹೇಳುತ್ತವೆ. ಜಗತ್ತಿನ ನಾಯಿಗಳಲ್ಲಿ ಬಹುಪಾಲು ಇಂದಿಗೂ ಇಂತಹವೇ: ಯಾರ ಮನೆಯೊಳಗೂ ಇಲ್ಲದವು, ಆದರೆ ಮನುಷ್ಯನ ಮಗ್ಗುಲಲ್ಲೇ ಇರುವವು. ಮನೆಯೊಳಗಿನ ನಾಯಿಯೇ ಅಪವಾದ.

ಇದು ಕೆಲಸಕ್ಕೆ ಕೂಲಿಯೆಂಬ ವ್ಯಾಪಾರವಷ್ಟೇ ಆಗಿತ್ತೆಂದು ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಗೋರಿ ಸಿಕ್ಕಿತು. ಸುಮಾರು ಹದಿನಾಲ್ಕು ಸಾವಿರ ವರ್ಷಗಳಷ್ಟು ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ಎಳೆಯ ನಾಯಿ. ಆ ಮರಿಗೆ ಕಠಿಣವಾದ ರೋಗ ತಗಲಿ ಅದು ವಾರಗಟ್ಟಲೆ ನರಳಿತ್ತೆಂದೂ, ಮನುಷ್ಯರು ಆರೈಕೆ ಮಾಡದಿದ್ದರೆ ಅಷ್ಟು ದಿನ ಉಳಿಯುತ್ತಲೇ ಇರಲಿಲ್ಲವೆಂದೂ ಹಲ್ಲುಗಳ ಗುರುತುಗಳಿಂದ ತಿಳಿದಿದ್ದಾರೆ. ಕಾಯಲಾರದ, ಬೇಟೆಯಾಡಲಾರದ ಮರಿಗೆ ಉಣಿಸಿದವರು ಕೂಲಿಯ ಲೆಕ್ಕ ಹಿಡಿದಿರಲಾರರು.

ಇನ್ನು ನಮ್ಮ ನಾಡಿನ ದಾಖಲೆಗಳಿಗೆ ಬರೋಣ. ಸವದತ್ತಿಯಿಂದ ಆಳಿದ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರಷ್ಟೆ. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು (1127–1138) ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಸಾರಮೇಯ ವಿನೋದವೂ ಒಂದು, ಬೇರೆಬೇರೆ ಸೀಮೆಯ ನಾಯಿಗಳ ಗುಣಲಕ್ಷಣಗಳು ಅಲ್ಲಿವೆ. ಆದರೆ ಅದು ಅರಮನೆಯ ಕಣ್ಣು. ನಾಯಿಗೂ ಮನುಷ್ಯನಿಗೂ ಇದ್ದ ಸಂಬಂಧವನ್ನು ತಿಳಿಯಬೇಕಾದರೆ ಅದಕ್ಕಿಂತ ಎರಡು ಶತಮಾನ ಹಿಂದಿನ ಆತಕೂರಿನ ಕಲ್ಲಿನ ಮುಂದೆ ನಿಲ್ಲಬೇಕು.

ಆತಕೂರು ನಮ್ಮ ಸೀಮೆಯದಲ್ಲ, ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನದು. ಆದರೂ ಅದರ ಕಲ್ಲನ್ನು ಓದಿ ವಿದ್ವತ್‌ಪ್ರಪಂಚಕ್ಕೆ ತಿಳಿಸಿದವರಲ್ಲಿ ನಮಗೆ ಪರಿಚಿತರಾದ ಜೆ. ಎಫ್. ಫ್ಲೀಟರೂ ಒಬ್ಬರು: ಸವದತ್ತಿಯ ರಟ್ಟರ ಶಾಸನಗಳನ್ನು ಓದಿದವರು, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆದಿಟ್ಟುಕೊಂಡವರು ಅವರೇ. ಕ್ರಿ.ಶ. 949–50ರ ಆ ಶಾಸನದ ಕಥೆ ಹೀಗಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದನು. ಅವನ ಕಡೆಯಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೇರನೆಂಬವನು ಎದೆಗೊಟ್ಟು ಹೋರಾಡಿದನು. ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡೆಂದಾಗ ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಕೇಳಿದನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ಹಂದಿ ಮತ್ತು ನಾಯಿ ಒಂದಕ್ಕೊಂದು ಮೊಗವಿಟ್ಟು ನಿಂತ ಆ ಶಿಲ್ಪವನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೊನೆಯ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅವೇ. ಆ ಕಲ್ಲಿಗೆ ಎರಡು ಖಂಡುಗದ ಭೂಮಿಯನ್ನು ಬಿಟ್ಟರು. ಒಕ್ಕಲಿಗನಾಗಲಿ, ನಾಡಾಳುವವನಾಗಲಿ, ಊರಾಳುವವನಾಗಲಿ ಈ ಭೂಮಿಯನ್ನು ಅಳಿದರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಂದು ಬರೆಯಿಸಿದರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಬದುಕಿದ್ದಾಗ ಮನುಷ್ಯನ ಊಟದಲ್ಲಿ ಪಾಲುಂಡ ನಾಯಿಗೆ ಸತ್ತ ಮೇಲೆ ಮನುಷ್ಯನ ಊಟಕ್ಕಿಂತ ಮೊದಲಿನ ಪಾಲು ಸಂದಿತು. ನಾಯಿಯ ಹೆಸರಿನಲ್ಲಿ ಹೊಲವಿದೆ. ಅದು ದಯೆಯಿಂದ ಎಸೆದ ತುಣುಕಲ್ಲ, ಹಕ್ಕು.

ಗೊರವನೆಂಬ ಮಾತು ಬಂದುದರಿಂದ ಒಂದು ಸಣ್ಣ ಅಡ್ಡದಾರಿ. ಶಾಸನದ ಗೊರವನು ಶೈವಸ್ಥಾನದ ಪೂಜಾರಿ. ನಮ್ಮ ಕಡೆಯವರು ಬಲ್ಲ ಗೊರವರು ಮೈಲಾರಲಿಂಗನ ಭಕ್ತರು: ಕರಿಯ ಕಂಬಳಿ, ಕೈಯಲ್ಲಿ ಡಮರು. ಇವರು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಳ್ಳುತ್ತಾರೆ. ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ ಪ್ರಸಾದಕ್ಕೆ ಮಂಡಿಯೂರಿ ಬಾಯಿ ಹಾಕುತ್ತಾರೆ. ನಾಯಿಪಾಡೆಂದು ಬೈಗುಳವಾಡುವ ಅದೇ ಜನ ನಾಯಿಯಾಗಿ ಉಣ್ಣುವುದನ್ನು ಸೇವೆಯೆಂದು ಬಗೆದಿದ್ದಾರೆ. ಎರಡೂ ನಮ್ಮವೇ, ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸುವುದು ಸರಿಯಲ್ಲ.

ಹಕ್ಕಿನ ಮಾತನ್ನು ಕಿತ್ತೂರ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ಶೇತಸನದಿಗಳೆಂಬವರಿದ್ದರು. ಊರು ಕಾಯುವ, ಕರೆದಾಗ ಆಯುಧ ಹಿಡಿದು ಬರುವ ಕೆಲಸ; ಅದಕ್ಕೆ ಪ್ರತಿಯಾಗಿ ಉಂಬಳಿಯ ಹೊಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನು ಇಂಥ ಒಬ್ಬ ಶೇತಸನದಿ, ಕುರುಬರ ಮನೆಯ ಮಗ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕುಂಪಣಿಯವರು ಉಂಬಳಿಯ ಹೊಲಗಳ ಮೇಲೆ ಕೈಹಾಕಿದರು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಮರುವರ್ಷ ರಾಯಣ್ಣನೆದ್ದನು; 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ವೀರನ ಪ್ರಸಂಗಕ್ಕೆ ನಾಯಿಯನ್ನು ಹೋಲಿಸುತ್ತಿದ್ದೇನೆಂದು ವಾಚಕರು ಸಿಟ್ಟಾಗಬಾರದು. ನಾನು ಹೋಲಿಸುತ್ತಿರುವುದು ಕರಾರನ್ನು. ಹಳ್ಳಿಯ ಓಣಿಯ ನಾಯಿಯೂ ಸನದಿಲ್ಲದ ಶೇತಸನದಿಯೇ ಆಗಿತ್ತು. ಅದು ಯಾರ ಮನೆಯದೂ ಅಲ್ಲ, ಓಣಿಯದು. ಸಂಜೆ ಒಂದೊಂದು ಮನೆಯಿಂದ ಒಂದೊಂದು ತುಣುಕು ರೊಟ್ಟಿ, ಇರುಳೆಲ್ಲ ಕಾವಲು. ಅದನ್ನು ‘ಸಾಕಿದ’ವರು ಯಾರೆಂದು ಕೇಳಿದರೆ ಉತ್ತರವೇ ಇಲ್ಲ.

ಹಾಗಾದರೆ ನಾಯಿ ಒಬ್ಬನ ಸೊತ್ತಾದುದು ಯಾವಾಗ? ಬೇಟೆಯ ನಾಯಿಗೆ ಮೊದಲಿನಿಂದಲೂ ಒಡೆಯನಿದ್ದನು, ಕಾಳಿಯೇ ಸಾಕ್ಷಿ. ಆದರೆ ಜಾತಿಯ ಶುದ್ಧಿ, ವಂಶಾವಳಿಯ ಕಾಗದ, ಪ್ರದರ್ಶನದ ಪದಕ ಇವೆಲ್ಲ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವು. ಲಂಡನ್ನಿನ ಕೆನಲ್ ಕ್ಲಬ್ ಸ್ಥಾಪಿತವಾದುದು 1873ರಲ್ಲಿ. ಆ ಗಾಳಿ ಇಲ್ಲಿಗೆ ಹೇಗೆ ಬೀಸಿತೆಂಬುದನ್ನು ರಾಮದುರ್ಗದಿಂದ ಉತ್ತರಕ್ಕೆ ಲೋಕಾಪುರದ ದಾರಿ ಹಿಡಿದು ಮುಧೋಳಕ್ಕೆ ಹೋದರೆ ಕಾಣಬಹುದು.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರನ್ನು ಅರಿಯದವರಾರು? ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಅವರು ತಿರುಗಿಬಿದ್ದರು. ಸರಕಾರ ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಆ ಸೀಮೆಯ ಬೇಟೆಗಾರರ ಹತ್ತಿರ ತೆಳು ನಡುವಿನ, ಉದ್ದ ಕಾಲಿನ, ಮೂಸಿ ಹಿಡಿಯುವುದಕ್ಕಿಂತ ನೋಡಿ ಅಟ್ಟುವ ನಾಯಿಗಳಿದ್ದವು. ಮರಗಳಿಲ್ಲದ ಬಯಲಿಗೆ ಹೇಳಿ ಮಾಡಿಸಿದ ಪ್ರಾಣಿ. ಮೊಲ ಎದ್ದರೆ ಬಿಟ್ಟ ಬಾಣ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇವುಗಳನ್ನು ಮೆಚ್ಚಿ ಅರಮನೆಗೆ ತಂದು ತಳಿಯನ್ನು ಬೆಳೆಸಿದರೆಂದೂ, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ ಮುಧೋಳದವರು ಹೇಳುತ್ತಾರೆ. ಬೇಡರ ಗುಡಿಸಿಲಿನ ನಾಯಿಗೆ ಹೀಗೆ ‘ಮುಧೋಳ ಹೌಂಡ್’ ಎಂಬ ಇಂಗ್ಲಿಷ್ ಹೆಸರಾಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂದಿತು. ತಳಿಯನ್ನು ಕಾಪಾಡಲು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಸಂಶೋಧನ ಕೇಂದ್ರವೂ ಇದೆ. ಒಳ್ಳೆಯದೇ. ಆದರೆ 1972ರ ವನ್ಯಜೀವಿ ಕಾನೂನಿನ ಮೇಲೆ ಬೇಟೆ ಅಪರಾಧವಾಯಿತು, ಆಗಬೇಕಾದುದೇ. ಓಡುವುದಕ್ಕೆಂದೇ ಹುಟ್ಟಿದ ನಾಯಿ ಈಗ ಪಟ್ಟಣದ ಮೂರನೆಯ ಅಂತಸ್ತಿನ ಮನೆಗೆ ಮಾರಾಟವಾಗುತ್ತದೆ. ಅದನ್ನು ಕೊಳ್ಳುವವರು ಒಮ್ಮೆ ರಾಮದುರ್ಗದ ಮಡ್ಡಿಯಲ್ಲಿ ಅದು ಓಡುವುದನ್ನು ನೋಡಬೇಕು.

ಓಣಿಯ ನಾಯಿಯ ಪಾಡು ಇದಕ್ಕೆ ತಿರುಗುಮುರುಗು. ಮನೆಗಳಿಗೆ ಕಬ್ಬಿಣದ ಬಾಗಿಲು ಬಂದವು, ಕಾವಲು ಬೇಡವಾಯಿತು. ರೊಟ್ಟಿಯ ಪಾಲು ನಿಂತಿತು. ಅದರ ಬದಲಿಗೆ ತಿಪ್ಪೆಯೂ ಮಾಂಸದಂಗಡಿಯ ಹಿತ್ತಲೂ ಬಂದವು. ಯಾವ ಕೈಯಿಂದಲೂ ಉಣ್ಣದ ನಾಯಿ ಯಾವ ಮುಖವನ್ನೂ ಗುರುತಿಸುವುದಿಲ್ಲ. ಹಿಂಡುಗೂಡುತ್ತದೆ, ಮಕ್ಕಳ ಮೇಲೆ ಬೀಳುತ್ತದೆ. ಹಳೆಯ ಕಾಲವೇನೂ ಸುಖದ್ದಾಗಿರಲಿಲ್ಲ ನಿಜ: ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದ ದಿನಗಳನ್ನು ಹಿರಿಯರು ಮರೆತಿಲ್ಲ, ಆ ಮದ್ದೂ ಸಿಗದೆ ಸತ್ತವರ ಲೆಕ್ಕವನ್ನು ಇಟ್ಟವರಿಲ್ಲ. ಇಂದು ರೋಗಕ್ಕೆ ಮೊದಲೇ ನಾಯಿಗೇ ಲಸಿಕೆ ಹಾಕಬಹುದು. ಮನುಷ್ಯನ ಪಾಲಿನ ಕರ್ತವ್ಯದಲ್ಲಿ ರೊಟ್ಟಿಯ ಜೊತೆಗೆ ಅದೂ ಸೇರಬೇಕು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಒಂದೆಡೆ ಕೂಡಿಹಾಕಬೇಕೆಂದು ಮೊದಲು ಹೇಳಿ, ಹನ್ನೊಂದು ದಿನಗಳಲ್ಲಿ ಅದನ್ನು ತಿದ್ದಿ, ಸಂತಾನಶಕ್ತಿ ಹರಣ ಮಾಡಿ ಲಸಿಕೆ ಹಾಕಿದ ಮೇಲೆ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವವನ್ನೂ ಬಿಟ್ಟು, ಉಳಿದವನ್ನು ಹಿಡಿದ ಓಣಿಗೇ ಬಿಡಬೇಕೆಂದಿತು. ನಾಯಿಗೆ ಓಣಿಯೊಂದಿದೆ ಎಂಬುದನ್ನು ಅಷ್ಟು ದೊಡ್ಡ ಪೀಠವೂ ಒಪ್ಪಬೇಕಾಯಿತು.

ನನ್ನ ಮಿತ್ರರಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ನಾಯಿಯನ್ನು ಮಾಳಿಗೆಯಿಂದ ಪಡಸಾಲೆಗೆ ಇಳಿಸಿರಿ, ನಿಮ್ಮ ತಟ್ಟೆಯ ಹೊತ್ತಿಗೇ ಅದರ ತಟ್ಟೆಯನ್ನೂ ಇಡಿರಿ, ಬೆಳಗು ಬೈಗು ಹೊಲದ ಕಡೆಗೆ ಕರೆದುಕೊಂಡು ಹೋಗಿರಿ ಎಂದೆ. ಹಾಗೆ ಮಾಡಿದರಂತೆ. ಮೊದಲ ಎರಡು ದಿನ ಓಣಿಯ ನಾಯಿಗಳೆಲ್ಲ ಸೇರಿ ಅದನ್ನು ಬೊಗಳಿ ಅಟ್ಟಿದವು. ಮೂರನೆಯ ದಿನ ಮೂಸಿ ನೋಡಿ ಸುಮ್ಮನಾದವು. ಈಗ ಅದು ರಾತ್ರಿ ಬಾಗಿಲಲ್ಲಿ ಮಲಗುತ್ತದೆ, ಅಪರಿಚಿತರು ಬಂದರೆ ಮಾತ್ರ ಬೊಗಳುತ್ತದೆ ಎಂದು ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಸರಪಳಿ ಏನಾಯಿತೆಂದು ಕೇಳಿದೆ, ಎಮ್ಮೆಗೆ ಬಳಸುತ್ತಿದ್ದಾರಂತೆ.