ಎಲ್ಲಿಂದ ಬಂತು ಈ ಮಾಡ್ಯೂಲ್?

ಪೈಥಾನ್ ಕಲಿಯುವ ಹೊಸಬರು ಅಭ್ಯಾಸಕ್ಕೆಂದು ಬರೆದ ಫೈಲಿಗೆ ‘ರ‍್ಯಾಂಡಮ್.ಪೈ’ ಎಂದು ಹೆಸರಿಟ್ಟು, ಮೊದಲ ಸಾಲಿನಲ್ಲೇ ‘ಇಂಪೋರ್ಟ್ ರ‍್ಯಾಂಡಮ್’ ಎಂದು ಬರೆಯುವುದುಂಟು. ರನ್ ಮಾಡಿದರೆ ‘ರ‍್ಯಾಂಡಿಂಟ್’ ಎಂಬ ಫಂಕ್ಷನ್ನೇ ಇಲ್ಲವೆಂಬ ಎರರ್! ಪೈಥಾನ್ ಮಾಡ್ಯೂಲನ್ನು ಮೊದಲು ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ. ಆ ಹೆಸರಿನ ಫೈಲ್ ಅಲ್ಲೇ ಸಿಕ್ಕಿತಲ್ಲ, ಇನ್ನು ತನ್ನ ಲೈಬ್ರರಿಯತ್ತ ಅದು ತಿರುಗಿಯೂ ನೋಡುವುದಿಲ್ಲ. 2024ರ 3.13 ಆವೃತ್ತಿಯಿಂದೀಚೆಗೆ ಎರರ್ ಸಂದೇಶವೇ ‘ಫೈಲಿನ ಹೆಸರು ಬದಲಿಸಿ’ ಎಂದು ಸೂಚಿಸುತ್ತದೆ. ಇಷ್ಟು ಸಣ್ಣ ಉಪಕಾರಕ್ಕೆ ಮೂವತ್ತು ವರ್ಷ ಮೀರಿ ಕಾಯಬೇಕಾಯಿತು.

1991ರಲ್ಲಿ ಗಿಡೋ ವಾನ್ ರೋಸಮ್ ಪೈಥಾನನ್ನು ಹೊರತಂದಾಗಲೇ ಮಾಡ್ಯೂಲುಗಳಿದ್ದವು. ಒಂದು ಫೈಲ್ ಎಂದರೆ ಒಂದು ಮಾಡ್ಯೂಲ್, ಅಷ್ಟೇ. ಫೋಲ್ಡರನ್ನೇ ಪ್ಯಾಕೇಜ್ ಮಾಡಿ, ಒಳಗಿನ ಮಾಡ್ಯೂಲನ್ನು ಚುಕ್ಕಿ ಹಾಕಿ ಕರೆಯುವ ಪದ್ಧತಿ ಭಾಷೆಯೊಳಗೆ ಸೇರಿದ್ದು 1.5 ಆವೃತ್ತಿಯಲ್ಲಿ. ಫೋಲ್ಡರಿನಲ್ಲಿ ‘__ಇನಿಟ್__.ಪೈ’ ಎಂಬ ಫೈಲ್, ಖಾಲಿಯಾದರೂ ಸರಿ, ಇರಲೇಬೇಕಿತ್ತು. ‘ಸ್ಟ್ರಿಂಗ್’ ಎಂಬ ಹೆಸರಿನ ಯಾವುದೋ ಫೋಲ್ಡರ್ ಅಸಲಿ ಮಾಡ್ಯೂಲನ್ನು ಮರೆಮಾಡದಿರಲಿ ಎಂಬುದು ಉದ್ದೇಶ.

ಆದರೆ ಗೊಂದಲ ಪ್ಯಾಕೇಜಿನ ಒಳಗೇ ಹೊಕ್ಕಿತು. ಅಲ್ಲಿ ‘ಇಂಪೋರ್ಟ್ ಸ್ಟ್ರಿಂಗ್’ ಎಂದರೆ ಪಕ್ಕದ ಫೈಲೋ, ಪೈಥಾನಿನದೋ? ಪಕ್ಕದ್ದಿದ್ದರೆ ಅದೇ ಬರುತ್ತಿತ್ತು. ಪಕ್ಕದ್ದೇ ಬೇಕಿದ್ದರೆ ಹೆಸರಿನ ಮುಂದೆ ಚುಕ್ಕಿಯಿಟ್ಟು ಹೇಳಿ ಎಂಬ ನಿಯಮ 2006ರ 2.5ರಲ್ಲಿ ಬಂತು, 2008ರ 3.0ರಲ್ಲಿ ಕಡ್ಡಾಯವಾಯಿತು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಒಳ್ಳೆಯ ತೀರ್ಮಾನ ಇದೇ. ಇದಕ್ಕೂ ಒಂದು ಕಿರಿಕಿರಿಯಿದೆ: ಪ್ಯಾಕೇಜಿನೊಳಗಿನ ಫೈಲನ್ನು ನೇರವಾಗಿ ಓಡಿಸಿದರೆ ಅದರ ಹೆಸರು ‘__ಮೇನ್__’ ಆಗುತ್ತದೆ, ತಾನು ಯಾವ ಪ್ಯಾಕೇಜಿಗೆ ಸೇರಿದ್ದೆಂದು ಅದಕ್ಕೆ ತಿಳಿಯದು, ಚುಕ್ಕಿಯ ಇಂಪೋರ್ಟ್ ಮುರಿದುಬೀಳುತ್ತದೆ. ಪ್ಯಾಕೇಜಿನ ಹೊರಗೆ ನಿಂತು ‘ಪೈಥಾನ್ -ಎಂ’ ಮುಂದೆ ಪೂರ್ತಿ ಹೆಸರು ಕೊಟ್ಟರೆ ಸರಿಹೋಗುತ್ತದೆ.

2012ರ 3.3ರಲ್ಲಿ, ಸಿ ಭಾಷೆಯಲ್ಲಿದ್ದ ಇಂಪೋರ್ಟ್ ಯಂತ್ರಾಂಗವನ್ನು ಪೈಥಾನಿನಲ್ಲೇ ಬರೆದ ‘ಇಂಪೋರ್ಟ್‌ಲಿಬ್’ಗೆ ಬದಲಿಸಲಾಯಿತು, ಬ್ರೆಟ್ ಕ್ಯಾನನ್ ಅವರ ವರ್ಷಗಟ್ಟಲೆ ಶ್ರಮ ಅದು. ಮೂಲ ನಡೆ ಮಾತ್ರ ಹಳೆಯದೇ. ಮೊದಲ ಸಲ ಇಂಪೋರ್ಟ್ ಮಾಡಿದಾಗ ಫೈಲ್ ಮೇಲಿಂದ ಕೆಳಗೆ ಓಡುತ್ತದೆ. ಆ ಮಾಡ್ಯೂಲ್ ‘ಸಿಸ್.ಮಾಡ್ಯೂಲ್ಸ್’ ಎಂಬ ಪಟ್ಟಿಯಲ್ಲಿ ಉಳಿಯುತ್ತದೆ, ಎರಡನೇ ಸಲ ಅಲ್ಲಿಂದಲೇ ಬರುತ್ತದೆ. ಪಟ್ಟಿಗೆ ಸೇರುವುದು ಓಡುವುದಕ್ಕೂ ಮೊದಲು. ಹಾಗಾಗಿಯೇ ಎರಡು ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡರೆ ಒಂದಕ್ಕೆ ಇನ್ನೊಂದು ಅರೆಬೆಂದ ಸ್ಥಿತಿಯಲ್ಲಿ ಸಿಗುತ್ತದೆ. ಅದೇ ಆವೃತ್ತಿ ‘__ಇನಿಟ್__.ಪೈ’ ಇಲ್ಲದ ಫೋಲ್ಡರನ್ನೂ ಪ್ಯಾಕೇಜ್ ಎಂದು ಒಪ್ಪಿಕೊಂಡಿತು. ಒಂದೇ ಹೆಸರಿನ ಪ್ಯಾಕೇಜನ್ನು ಹಲವೆಡೆ ಹಂಚಿಡುವ ದೊಡ್ಡ ತಂಡಗಳಿಗೆ ಅನುಕೂಲವೇನೋ ಸರಿ. ಉಳಿದವರು ಆ ಖಾಲಿ ಫೈಲನ್ನು ಬಿಡದಿರುವುದೇ ಮೇಲು.

ಪ್ಯಾಕೇಜ್ ಹಂಚುವ ಕಡೆ 2000ದ ಸುಮಾರಿಗೆ ಬಂದ ‘ಡಿಸ್ಟ್‌ಯುಟಿಲ್ಸ್’ ಎಂಬ ಸಾಧನ 2023ರ 3.12ರಲ್ಲಿ ನಿರ್ಗಮಿಸಿತು, ಈಗ ಪ್ಯಾಕೇಜಿನ ವಿವರಗಳೆಲ್ಲ ‘ಪೈಪ್ರಾಜೆಕ್ಟ್.ಟಾಮ್ಲ್’ ಎಂಬ ಫೈಲಿನಲ್ಲಿ. ಹೊಸ ಪ್ರಾಜೆಕ್ಟ್ ಶುರುಮಾಡುವವರು ಕೋಡನ್ನು ‘ಎಸ್‌ಆರ್‌ಸಿ’ ಫೋಲ್ಡರಿನೊಳಗಿಡಿ. ಆಗ ಟೆಸ್ಟ್‌ಗಳು ಕಣ್ಣೆದುರಿನ ಫೈಲನ್ನಲ್ಲ, ಇನ್‌ಸ್ಟಾಲ್ ಆದ ಪ್ಯಾಕೇಜನ್ನೇ ಪರೀಕ್ಷಿಸುತ್ತವೆ. ಪ್ಯಾಕೇಜಿನಲ್ಲಿ ಯಾವುದಾದರೂ ಫೈಲ್ ಬಿಟ್ಟುಹೋಗಿದ್ದರೆ ಬಳಕೆದಾರರಿಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ.