ಯೂರೋಪಿನ ಕಾಫಿ, ಅಪ್ಪನ ಲೋಟ

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಆರು ವಾರ ಲಂಡನ್ನಿನಲ್ಲಿದ್ದೆ. ಕೆಲಸ ಮುಗಿದ ಮೇಲೆ ಉಳಿದಿದ್ದ ರಜೆ ಹಾಕಿ ವಿಯೆನ್ನಾ, ವೆನಿಸ್ ಎರಡನ್ನೂ ಸುತ್ತಿ ಬಂದೆ. ವಾಪಸ್ ಬಂದಾಗಿನಿಂದ ಗೆಳೆಯರದ್ದು ಒಂದೇ ಪ್ರಶ್ನೆ: "ಅಲ್ಲಿ ಊಟ ತಿಂಡಿಗೆ ಏನ್ ಮಾಡ್ದೆ ಮಾರಾಯ? ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ?" ಅದಕ್ಕೊಂದು ಉತ್ತರ ಬರೆದುಬಿಡೋಣ ಅಂತ ಕೂತರೆ ಬರಹ ಎಲ್ಲೆಲ್ಲಿಗೋ ಹೋಯಿತು. ಊಟದ ವಿಷಯ ಸ್ವಲ್ಪ ಇದೆ, ಚರಿತ್ರೆ ಜಾಸ್ತಿ ಇದೆ. ಸಹಿಸಿಕೊಳ್ಳಿ :)

ಮೊದಲು ನಮ್ಮೂರಿನ ಬಗ್ಗೆ ಎರಡು ಮಾತು. ನಮ್ಮದು ಕೊಳ್ಳೇಗಾಲ ತಾಲ್ಲೂಕಿನ ಕುಂತೂರು. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಎರಡೇ ಕಾರಣಕ್ಕೆ. ಒಂದು, ಮಾದಪ್ಪನ ಕತೆಯಲ್ಲಿ ಬರುವ ಕುಂತೂರು ಮಠ. ಇನ್ನೊಂದು, ಸಕ್ಕರೆ ಕಾರ್ಖಾನೆ. ಕಬ್ಬಿನ ಗದ್ದೆಗಳ ಆಚೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಆ ಬೆಟ್ಟದ ಮೇಲೆ 19ನೇ ಶತಮಾನದ ಕೊನೆಯ ಹೊತ್ತಿಗೆ ಮಾರಿಸ್ ಎಂಬ ಬ್ರಿಟಿಷ್ ಕುಟುಂಬ ಕಾಫಿ ತೋಟ ಮಾಡಿತು. ಅತ್ತಿಖಾನೆ, ಹೊನ್ನಮೇಟಿ ತೋಟಗಳ ಹೆಸರು ನಮ್ಮ ಕಡೆಯವರಿಗೆ ಗೊತ್ತು. ಅಂದರೆ ಬೆಟ್ಟದ ಮೇಲೆ ಕಾಫಿ, ಬೆಟ್ಟದ ಕೆಳಗೆ ಸಕ್ಕರೆ. ಆದರೂ ಒಳ್ಳೆ ಕಾಫಿ ಕುಡಿಯೋಕೆ ನಾನು ವಿಯೆನ್ನಾವರೆಗೂ ಹೋದೆ ನೋಡಿ!

ಲಂಡನ್ನಿಂದ ಶುರು ಮಾಡುತ್ತೇನೆ. ಆ ಊರಿನ ಹಳೆಯ ವ್ಯಾಪಾರದ ಭಾಗದಲ್ಲಿ ಕಾರ್ನ್‌ಹಿಲ್ ಅಂತ ರಸ್ತೆ. ಅದರ ಪಕ್ಕದಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಂಥ ಒಂದು ಓಣಿ, ಸೇಂಟ್ ಮೈಕಲ್ಸ್ ಆ್ಯಲಿ. 1652ರಲ್ಲಿ ಲಂಡನ್ನಿನ ಮೊದಲ ಕಾಫಿ ಅಂಗಡಿ ಶುರುವಾಗಿದ್ದು ಇಲ್ಲೇ. ಶುರು ಮಾಡಿದವನು ಪಾಸ್ಕ್ವಾ ರೋಸೆ. ಸ್ಮಿರ್ನಾ ಕಡೆಯಿಂದ ಒಬ್ಬ ಇಂಗ್ಲಿಷ್ ವ್ಯಾಪಾರಿ ತನ್ನ ಜೊತೆ ಕರೆತಂದಿದ್ದ ಆಳು ಅವನು. ಯಜಮಾನನ ಮನೆಗೆ ಬಂದವರೆಲ್ಲ ಇವನ ಕೈ ಕಾಫಿ ಕುಡಿದು ರುಚಿ ಹತ್ತಿಸಿಕೊಂಡರಂತೆ. ಆಮೇಲೆ ಅಂಗಡಿ. ಗೋಡೆಯ ಮೇಲೆ ಅವನ ಹೆಸರಿನ ಫಲಕ ಇದೆ.

ಈ ಕಾಫಿ ಮನೆಗಳ ಒಂದು ವಿಶೇಷ ಅಂದರೆ ಒಂದು ಪೆನ್ನಿ ಕೊಟ್ಟವರೆಲ್ಲ ಒಳಗೆ ಬರಬಹುದಿತ್ತು. ಜಮೀನ್ದಾರ, ಗುಮಾಸ್ತ, ಹಡಗಿನ ಕ್ಯಾಪ್ಟನ್ ಎಲ್ಲರೂ ಒಂದೇ ಉದ್ದನೆ ಮೇಜಿನ ಸುತ್ತ ಕೂತು ಪತ್ರಿಕೆ ಓದುತ್ತಿದ್ದರು, ಸರ್ಕಾರವನ್ನು ಬೈಯುತ್ತಿದ್ದರು. ಬೈಗುಳ ಎಷ್ಟು ಜೋರಾಯಿತೆಂದರೆ 1675ರ ಡಿಸೆಂಬರ್‌ನಲ್ಲಿ ಎರಡನೇ ಚಾರ್ಲ್ಸ್ ರಾಜ ಎಲ್ಲ ಕಾಫಿ ಮನೆಗಳನ್ನೂ ಮುಚ್ಚಿಸಲು ಆಜ್ಞೆ ಹೊರಡಿಸಿದ. ಜನ ತಿರುಗಿಬಿದ್ದ ಮೇಲೆ, ಜಾರಿಗೆ ಬರುವ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಂಡ. ಎಡ್ವರ್ಡ್ ಲಾಯ್ಡ್ ಎಂಬುವನ ಕಾಫಿ ಮನೆಯಲ್ಲಿ ಹಡಗಿನವರು ಸೇರಿ ಸೇರಿ ಲಾಯ್ಡ್ಸ್ ವಿಮಾ ಮಾರುಕಟ್ಟೆಯೇ ಹುಟ್ಟಿಕೊಂಡಿತು.

ಇದನ್ನೆಲ್ಲ ಓದಿಕೊಂಡು ಹೋಗಿದ್ದ ನನಗೆ ಆ ಓಣಿಯಲ್ಲಿ ನಿಂತಾಗ ಮೈ ಜುಮ್ಮೆಂದಿತು. ಆಮೇಲೆ ಕಟ್ಟಡದ ಬೋರ್ಡು ನೋಡಿದೆ. ಜಮೈಕಾ ವೈನ್ ಹೌಸ್. ಇಲ್ಲೇಕೆ ಜಮೈಕಾ? ಮುಂದೆ ಈ ಓಣಿಯಲ್ಲೇ ಜಮೈಕಾ ಕಾಫಿ ಹೌಸ್ ಇತ್ತು. ಕೆರಿಬಿಯನ್ ದ್ವೀಪಗಳ ಜೊತೆ ವ್ಯಾಪಾರ ಮಾಡುವವರು ಸೇರುವ ಜಾಗ ಅದು. ಅವರ ವ್ಯಾಪಾರದ ದೊಡ್ಡ ಸರಕು ಸಕ್ಕರೆ. ಆ ಸಕ್ಕರೆಯ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಲಾಮರ ಹಡಗುಗಳಿಗೆ ವಿಮೆ ಆಗುತ್ತಿದ್ದುದು ಲಾಯ್ಡ್ಸ್‌ನಲ್ಲಿ. 2020ರಲ್ಲಿ ಆ ಸಂಸ್ಥೆ ಇದಕ್ಕಾಗಿ ಕ್ಷಮೆ ಕೇಳಿತು. ಇನ್ನು ಹೆಂಗಸರು ಆ ಕಾಲದ ಕಾಫಿ ಮನೆಗಳಲ್ಲಿ ಗಲ್ಲಾದ ಹಿಂದೆ ಇರುತ್ತಿದ್ದರೇ ಹೊರತು ಗಿರಾಕಿಗಳಾಗಿ ಬೆಂಚಿನ ಮೇಲೆ ಕೂರುತ್ತಿದ್ದುದು ತೀರಾ ಕಡಿಮೆ. ಒಂದು ಪೆನ್ನಿಗೆ ಬಾಗಿಲು ತೆರೆದಿತ್ತು ನಿಜ. ಆದರೆ ಲೋಟದೊಳಗಿನ ಸಕ್ಕರೆ ಮಾಡಿದವನಿಗೆ ಆ ಬಾಗಿಲು ಇರಲಿಲ್ಲ. ಕಬ್ಬಿನ ಊರಿನವನಾದ ನನಗೆ ಇದು ಸ್ವಲ್ಪ ಜಾಸ್ತಿಯೇ ತಟ್ಟಿತು.

(ಅಂದಹಾಗೆ ಈಗ ಅದು ಪಬ್. ಕಾಫಿ ಆಸೆಯಿಂದ ಹೋಗಬೇಡಿ, ಫಲಕ ನೋಡೋಕೆ ಹೋಗಿ. ದೋಸೆಗಾಗಿ ಸ್ಟ್ರಾಂಡ್ ರಸ್ತೆಯ ಇಂಡಿಯಾ ಕ್ಲಬ್ ಅಂತ ಹಳೆಯ ಬರಹಗಳಲ್ಲಿ ಓದಿದವರಿಗೆ ಒಂದು ಮಾತು: ಅದು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ.)

ಮುಂದೆ ವಿಯೆನ್ನಾ. ನಮಗೆ ಬಾಬಾಬುಡನ್ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದ ಕತೆ ಇದ್ದ ಹಾಗೆ ವಿಯೆನ್ನಾದವರಿಗೂ ಒಂದು ಕತೆ ಇದೆ. 1683ರಲ್ಲಿ ಮುತ್ತಿಗೆ ಹಾಕಿದ್ದ ತುರ್ಕರು ಓಡಿಹೋಗುವಾಗ ಬಿಟ್ಟುಹೋದ ಮೂಟೆಗಳಲ್ಲಿ ಕಾಫಿ ಬೀಜ ಸಿಕ್ಕಿತಂತೆ. ದಾಖಲೆಯಲ್ಲಿ ಸಿಗುವುದು ಮಾತ್ರ 1685ರಲ್ಲಿ ಕಾಫಿ ಮಾರಲು ಚಕ್ರವರ್ತಿಯಿಂದ ಅನುಮತಿ ಪಡೆದ ಜೊಹಾನೆಸ್ ದಿಯೊದಾತೊ ಎಂಬ ಅರ್ಮೇನಿಯನ್ ವ್ಯಾಪಾರಿ.

ಇಲ್ಲಿ ಎಲ್ಲರೂ 1876ರ ಕೆಫೆ ಸೆಂಟ್ರಾಲ್‌ಗೆ ಹೋಗಿ ಕ್ಯೂ ನಿಲ್ಲುತ್ತಾರೆ. ಒಂದು ಕಾಲಕ್ಕೆ ಟ್ರಾಟ್‌ಸ್ಕಿ ಕೂತು ಚೆಸ್ ಆಡುತ್ತಿದ್ದ ಜಾಗ ಅದು. ನನ್ನನ್ನು ಕೇಳಿದರೆ ಕ್ಯೂ ಬಿಟ್ಟು 1880ರ ಕೆಫೆ ಸ್ಪೆರ್ಲ್‌ಗೆ ಹೋಗಿ. ರಾತ್ರಿಯಾದರೆ ಹಾವೆಲ್ಕಾಗೆ ಹೋಗಿ, ಬುಖ್ಟೆಲ್ನ್ ಅನ್ನುವ, ಹೊಟ್ಟೆಯಲ್ಲಿ ಜಾಮ್ ಇಟ್ಟ ಮೆತ್ತನೆ ಬನ್ ತಿನ್ನಿ. ಕಾಫಿಯಲ್ಲಿ 'ಮೆಲಾಂಜ್' ಕೇಳಿ, ಅರ್ಧ ಹಾಲಿನ ಆ ಕಾಫಿ ನಮ್ಮ ನಾಲಿಗೆಗೆ ಹತ್ತಿರ. ಜೊತೆಗೆ ತಟ್ಟೆಯಲ್ಲಿ ಒಂದು ಲೋಟ ನೀರೂ ಬರುತ್ತದೆ. ಒಂದೇ ಕಾಫಿಗೆ ಮೂರು ಗಂಟೆ ಕೂತರೂ ಯಾರೂ ಏಳು ಅನ್ನುವುದಿಲ್ಲ.

ಸ್ಪೆರ್ಲ್‌ನಲ್ಲಿ ಕೂತು ಅಪ್ಪನಿಗೆ ವೀಡಿಯೋ ಕಾಲ್ ಮಾಡಿ ಇಡೀ ಹಾಲ್ ತೋರಿಸಿದೆ.

"ಅಷ್ಟೊತ್ತಿಂದ ಅಲ್ಲೇ ಕೂತಿದ್ದಯ? ಎದ್ದೋಗು ಅನ್ನಲ್ವಾ?"

"ಇಲ್ಲ ಕನಪ್ಪ, ಎಷ್ಟೊತ್ತಾದ್ರೂ ಕೂರಬೋದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದ್ದು: "ಲೋಟ ಯಾರು ತೊಳೀತರ?"

ನಾನು ನಕ್ಕುಬಿಟ್ಟೆ. "ಅವರೇ ತೊಳೀತಾರೆ, ಇನ್ಯಾರು?" ಅಂದೆ. ಅಪ್ಪ ನಗಲಿಲ್ಲ.

ಆ ಪ್ರಶ್ನೆ ಯಾಕೆ ಬಂತು ಅಂತ ಗೊತ್ತಾಗಿದ್ದು ಊರಿಗೆ ಹೋದ ಮೇಲೆ. ಅಪ್ಪನಿಗೆ ಹತ್ತು ಹನ್ನೊಂದು ವರ್ಷ ಇದ್ದಾಗ, ಅಂದರೆ 1977ರ ಸುಮಾರಿಗೆ, ತಾತನ ಜೊತೆ ಒಂದು ಊರಿನ ಸಂತೆಗೆ ಹೋಗಿದ್ದನಂತೆ. ಹೋಟೆಲ್ಲಿನ ಒಳಗೆ ಬೆಂಚು. ಹೊರಗೆ ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ ನಾಲ್ಕು ಗಾಜಿನ ಲೋಟ. ನಮ್ಮ ಕೇರಿಯವರು ಅದರಲ್ಲಿ ಒಂದನ್ನು ತೊಳೆದುಕೊಂಡು ಹಿಡಿಯಬೇಕು, ಮೇಲಿನಿಂದ ಕಾಫಿ ಹುಯ್ಯುತ್ತಾರೆ. ಕುಡಿದು ತೊಳೆದು ಮತ್ತೆ ಬೋರಲು ಹಾಕಬೇಕು. ಕಾಸು ಕೈಗೆ ಕೊಡುವಂತಿಲ್ಲ, ಜಗಲಿ ಮೇಲೆ ಇಡಬೇಕು. ಅಪ್ಪ ತಿಳಿಯದೆ ಒಳಗಿನ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟನಂತೆ. ಆಮೇಲೆ ಏನಾಯಿತು ಅಂತ ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇದು ಕಾನೂನು ಇಲ್ಲದ ಕಾಲವೇನೂ ಅಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದೇ ಹೇಳಿದೆ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಹೋಟೆಲ್ಲಿನ ಪಾತ್ರೆ ಬಳಸಲು ಬಿಡದಿದ್ದರೂ ಶಿಕ್ಷೆ ಎಂದಿತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಕಾನೂನು ಬರೆದವರಿಗೆ ಆ ಬೋರಲು ಲೋಟ ಚೆನ್ನಾಗಿಯೇ ಗೊತ್ತಿತ್ತು. ಜಗಲಿಯಿಂದ ಅದನ್ನು ಎತ್ತೋಕೆ ಮಾತ್ರ ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಕೊನೆಗೆ ವೆನಿಸ್. ಸೇಂಟ್ ಮಾರ್ಕ್ ಚೌಕದಲ್ಲಿ 1720ರ ಫ್ಲೋರಿಯನ್ ಇದೆ. ಹೊರಗೆ ಸಂಗೀತ ಇದ್ದರೆ ಬಿಲ್ಲಿನಲ್ಲಿ ಅದಕ್ಕೂ ದುಡ್ಡು ಸೇರುತ್ತದೆ, ಹುಷಾರು! ನೋಡಿ, ಫೋಟೋ ತೆಗೆದುಕೊಂಡು, ಗಲ್ಲಿಯೊಳಗೆ ನುಗ್ಗಿ. ಇಟಲಿಯ ಎಷ್ಟೋ ಬಾರುಗಳಲ್ಲಿ ಕೂತರೆ ಒಂದು ರೇಟು, ನಿಂತರೆ ಕಡಿಮೆ ರೇಟು. ಎಸ್ಪ್ರೆಸೊ ನಿಂತೇ ಕುಡಿಯಿರಿ. ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ, ಹಾಗಾಗಿ ನಿಮ್ಮ ಕಪ್ಪಿನಲ್ಲಿ ಕೊಡಗು ಚಿಕ್ಕಮಗಳೂರಿನ ಬೀಜ ಇದ್ದರೆ ಆಶ್ಚರ್ಯವಿಲ್ಲ. ಸಂಜೆ 'ಬಾಕರೊ' ಅನ್ನುವ ಪುಟ್ಟ ಅಂಗಡಿಗಳಲ್ಲಿ ಬ್ರೆಡ್ ತುಂಡಿನ ಮೇಲೆ ಮೀನು, ತರಕಾರಿ ಹಚ್ಚಿದ 'ಚಿಕೆಟ್ಟಿ', ಜೊತೆಗೆ ಸಣ್ಣ ಗ್ಲಾಸಿನಲ್ಲಿ ವೈನ್. ದೋಣಿಯವನು, ಪ್ರೊಫೆಸರು, ನಾನು ಎಲ್ಲರೂ ಕಾಲುವೆ ಪಕ್ಕ ನಿಂತು ತಿಂದೆವು. ಮೂರು ಊರಲ್ಲೂ ನನಗೆ ಬಹಳ ಹಿಡಿಸಿದ ಊಟ ಇದೇ. ತಕ್ಷಣ ನೆನಪಾಗಿದ್ದು ಬೆಂಗಳೂರಿನ ದರ್ಶಿನಿ.

1980ರ ದಶಕದಲ್ಲಿ ಶುರುವಾದ ದರ್ಶಿನಿಗಳ ಬಗ್ಗೆ ಬರೆಯುವವರೆಲ್ಲ ಅಗ್ಗ, ಚೊಕ್ಕಟ, ಬೇಗ ಅನ್ನುತ್ತಾರೆ. ಅಪ್ಪನ ಕಣ್ಣಲ್ಲಿ ನೋಡಿದರೆ ಇನ್ನೊಂದು ಕಾಣುತ್ತದೆ. ಅಲ್ಲಿ ಒಳಗಿನ ಬೆಂಚು, ಹೊರಗಿನ ಜಗಲಿ ಅಂತ ಇಲ್ಲ. ಟೋಕನ್ ತಗೊಂಡವರೆಲ್ಲ ಒಂದೇ ಕೌಂಟರಿನ ಮುಂದೆ. ತೊಳೆದ ಲೋಟಗಳೆಲ್ಲ ಒಂದೇ ಟ್ರೇನಲ್ಲಿ, ಯಾವುದು ಯಾರಿಗೆ ಬಂತೋ ಅದು.

ಅಪ್ಪ ಬೆಂಗಳೂರಿಗೆ ಬಂದಾಗಲೆಲ್ಲ ನಾನು ಎಸಿ ಹೋಟೆಲ್ಲಿಗೆ ಕರೆದರೆ ಬೇಡ ಅಂದು ದರ್ಶಿನಿಗೇ ಎಳೆಯುತ್ತಿದ್ದ. ದುಡ್ಡು ಉಳಿಸೋಕೆ ಅಂದುಕೊಂಡಿದ್ದೆ. ಹೋದ ವಾರ ಬಂದಿದ್ದ. ಕಾಫಿ ಮುಗಿಸಿ ನಾನು ಲೋಟವನ್ನು ಅಲ್ಲೇ ಬಿಟ್ಟು ಹೊರಟರೆ, ಅಪ್ಪ ತನ್ನ ಲೋಟ ಎತ್ತಿಕೊಂಡು ಕೈ ತೊಳೆಯುವ ನಲ್ಲಿಯ ಕಡೆ ಎರಡು ಹೆಜ್ಜೆ ಇಟ್ಟ. ಆಮೇಲೆ ತಾನೇ ನೆನೆಸಿಕೊಂಡು ವಾಪಸ್ ಬಂದು ಎಂಜಲು ಲೋಟಗಳ ಟಬ್ಬಿಗೆ, ಎಲ್ಲರ ಲೋಟಗಳ ಜೊತೆ, ಹಾಕಿದ.

ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ ಅಂತ ಕೇಳಿದಿರಲ್ಲ, ಸದ್ಯಕ್ಕೆ ನನ್ನ ಉತ್ತರ ಇಷ್ಟೇ.