ಹೂವಿನ ಮುಂದೆ ತಾಳ್ಮೆಯ ಕೈಗಳು



ವಿಮೋಚನಾಕಾಂಡವನ್ನು ಓದುವಾಗ ನಮ್ಮಲ್ಲಿ ಅನೇಕರು ಇಪ್ಪತ್ತೈದನೆಯ ಅಧ್ಯಾಯದಿಂದ ಮುಂದಕ್ಕೆ ಹಾಳೆಗಳನ್ನು ಬೇಗಬೇಗನೆ ಮಗುಚುತ್ತೇವೆ. ಕೆಂಪು ಸಮುದ್ರವನ್ನು ದಾಟಿದ ರೋಮಾಂಚನ ಅಲ್ಲಿಲ್ಲ. ಗುಡಾರದ ಅಳತೆ, ಪರದೆಯ ಬಣ್ಣ, ಕೊಂಡಿಗಳ ಲೆಕ್ಕ ಇಷ್ಟೇ ಇದೆ ಎನಿಸುತ್ತದೆ. ಆದರೆ ನಿಧಾನವಾಗಿ ಓದಿದವರಿಗೆ ಆ ಅಳತೆಗಳ ನಡುವೆ ಒಂದು ತೋಟವೇ ಕಾಣಸಿಗುತ್ತದೆ. ಚಿನ್ನದ ದೀಪಸ್ತಂಭದ ಕೊಂಬೆಗಳಲ್ಲಿ ಬಾದಾಮಿ ಹೂವಿನ ಆಕಾರದ ಬಟ್ಟಲುಗಳು, ಮೊಗ್ಗುಗಳು, ದಳಗಳು. ಪ್ರಧಾನ ಯಾಜಕನ ನಿಲುವಂಗಿಯ ಅಂಚಿನಲ್ಲಿ ಬಣ್ಣದ ನೂಲಿನ ದಾಳಿಂಬೆಗಳು, ಅವುಗಳ ನಡುನಡುವೆ ಚಿನ್ನದ ಗೆಜ್ಜೆಗಳು. ಮುಂದೆ ಅರಸ ಸೊಲೊಮೋನನು ಕಟ್ಟಿಸಿದ ದೇವಾಲಯದ ಕಂಚಿನ ಕಂಬಗಳ ನೆತ್ತಿಯಲ್ಲಿಯೂ ಹೂವಿನ ಕೆಲಸವಿತ್ತು. ಮರಳುಗಾಡಿನಲ್ಲಿ ಅಲೆಯುತ್ತಿದ್ದ ಜನರು ತಮ್ಮ ದೇವರ ಸನ್ನಿಧಿಯಲ್ಲಿ ತೋಟವನ್ನು ಲೋಹದಲ್ಲಿಯೂ ದಾರದಲ್ಲಿಯೂ ಅರಳಿಸಿದರು.

ಈ ಕೆಲಸಕ್ಕೆ ನೇಮಕಗೊಂಡವನು ಯೂದ ಕುಲದ ಬೆಚಲೇಲ. ಅವನು ಯಾಜಕನಲ್ಲ, ಪ್ರವಾದಿಯಲ್ಲ. ಅಕ್ಕಸಾಲಿಗ, ರತ್ನ ಕೆತ್ತುವವನು. ಆದರೂ ದೇವರಾತ್ಮದಿಂದ ತುಂಬಿದವನೆಂದು ಪವಿತ್ರ ಗ್ರಂಥವು ಅವನನ್ನು ಕರೆಯುತ್ತದೆ. ಅದೇ ಗ್ರಂಥದ ಮರು ಅಧ್ಯಾಯದಲ್ಲಿ ಏನಾಯಿತೆಂಬುದು ನಿಮಗೆ ತಿಳಿದಿದೆ. ಜನರು ಕಿವಿಯ ಓಲೆಗಳನ್ನು ಬಿಚ್ಚಿ ಆರೋನನಿಗೆ ಕೊಟ್ಟರು. ಚಿನ್ನದ ಕರು ಮೂಡಿಬಂತು. ಇನ್ನು ಮೂರು ಅಧ್ಯಾಯ ಕಳೆದರೆ ಅದೇ ಜನರು ಓಲೆ, ಉಂಗುರ, ಪದಕಗಳನ್ನು ಮನಃಪೂರ್ವಕವಾಗಿ ತಂದೊಪ್ಪಿಸುತ್ತಾರೆ. ದೇವದರ್ಶನದ ಗುಡಾರ ಸಿದ್ಧವಾಗುತ್ತದೆ. ಜನರು ಅವರೇ, ಒಡವೆಯೂ ಅದೇ ಬಗೆಯದು. ಬೇರೆಯಾದದ್ದು ಕಣ್ಣು ತಿರುಗಿದ ದಿಕ್ಕು ಮಾತ್ರ.

ಆಭರಣವನ್ನೂ ಚಿತ್ರವನ್ನೂ ಕುರಿತು ನಮ್ಮ ಕುಟುಂಬಗಳಲ್ಲಿ ಒಂದು ಸಂದೇಹ ಎಂದಿಗೂ ಇದ್ದದ್ದೇ. ಬಡವರು ನರಳುತ್ತಿರುವಾಗ, ಮನೆಯಲ್ಲೇ ನೂರು ತೊಂದರೆಗಳಿರುವಾಗ ಹೂವನ್ನು ನೋಡುತ್ತಾ ಕುಳಿತು ಬಣ್ಣ ಬಳಿಯುವುದು, ಮಣಿ ಪೋಣಿಸುವುದು ಸರಿಯೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫ್ರಾನ್ಸ್ ದೇಶದ ಇಬ್ಬರು ಕುಶಲಕರ್ಮಿಗಳ ಬಾಳಿನಲ್ಲಿ ಇದಕ್ಕೆ ಒಂದು ಬಗೆಯ ಉತ್ತರ ಸಿಗುತ್ತದೆಯೇ ಎಂದು ನೋಡೋಣ. ಒಬ್ಬರು ಚಿತ್ರಕಾರ ಕ್ಲೋಡ್ ಮೋನೆ. ಇನ್ನೊಬ್ಬರು ಆಭರಣಕಾರ ರೆನೆ ಲಾಲಿಕ್. ಇಬ್ಬರೂ ತೋಟದ ಶಿಷ್ಯರು.

ಹಾಸ್ಯದಿಂದ ಹುಟ್ಟಿದ ಹೆಸರು

ಮೋನೆ ಹುಟ್ಟಿದ್ದು 1840ರಲ್ಲಿ, ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಲ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಅಂದಿನ ಮಾನ್ಯ ಕಲಾವಿದರು ಚಿತ್ರಶಾಲೆಯ ಗೋಡೆಗಳ ನಡುವೆ ಕುಳಿತು ಪುರಾಣ ಪುರುಷರನ್ನೂ ರಾಜರ ಯುದ್ಧಗಳನ್ನೂ ನುಣುಪಾಗಿ ಬರೆಯುತ್ತಿದ್ದರು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಕೊಳವೆಯಲ್ಲಿ ಬಣ್ಣವನ್ನು ತುಂಬಿಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇದರಿಂದ ಬಣ್ಣ ಒಣಗದೆ ಜೇಬಿನಲ್ಲಿ ಪಯಣಿಸುವಂತಾಯಿತು. ಚಿತ್ರಕಾರನು ಹೊಲಕ್ಕೆ, ನದೀತೀರಕ್ಕೆ, ತೋಟಕ್ಕೆ ನಡೆದನು. ಅಲ್ಲಿ ಬೆಳಕು ಗಳಿಗೆ ಗಳಿಗೆಗೂ ಬದಲಾಗುತ್ತಿತ್ತು. ಅದನ್ನು ಹಿಡಿಯಲು ಮೋನೆ ಮತ್ತು ಅವರ ಗೆಳೆಯರು ಶುದ್ಧ ವರ್ಣಗಳ ಸಣ್ಣ ಸಣ್ಣ ಗೀಟುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ನೆರಳೆಂದರೆ ಕಪ್ಪಲ್ಲ, ಅದರಲ್ಲಿಯೂ ನೀಲಿ ಇದೆ, ನೇರಳೆ ಇದೆ ಎಂದು ತೋರಿಸಿದರು.

1874ರ ಏಪ್ರಿಲ್‌ನಲ್ಲಿ ಅವರು ಪ್ಯಾರಿಸ್ಸಿನಲ್ಲಿ ತಾವೇ ಒಂದು ಪ್ರದರ್ಶನ ಏರ್ಪಡಿಸಿದರು. ಮಂಜಿನಲ್ಲಿ ಸೂರ್ಯ ಮೂಡುವ ಬಂದರಿನ ಚಿತ್ರಕ್ಕೆ ಮೋನೆ ‘ಅನಿಸಿಕೆ’ ಎಂಬ ಅರ್ಥದ ಹೆಸರು ಕೊಟ್ಟಿದ್ದರು. ಲೂಯಿ ಲೆರಾಯ್ ಎಂಬ ವಿಮರ್ಶಕನು ಆ ಪದವನ್ನೇ ಹಿಡಿದು ಪತ್ರಿಕೆಯಲ್ಲಿ ಗೇಲಿ ಮಾಡಿ, ಇವರನ್ನು ‘ಇಂಪ್ರೆಷನಿಸ್ಟರು’ ಎಂದು ಕರೆದನು. ಅಂದಿನ ಗೇಲಿ ಇಂದು ಗೌರವದ ಬಿರುದಾಗಿದೆ. ಅಂತಿಯೋಕ್ಯದ ಜನರು ನಮ್ಮ ಪೂರ್ವಿಕರಿಗೆ ‘ಕ್ರೈಸ್ತರು’ ಎಂಬ ಹೆಸರಿಟ್ಟದ್ದು ಇಲ್ಲಿ ನೆನಪಾಗುತ್ತದೆ. ಅದೂ ಹೊರಗಿನವರು ಕೊಟ್ಟ ಹೆಸರೇ.

ಹಳ್ಳಿಯವರು ಹೆದರಿದ ಕೊಳ

1883ರಲ್ಲಿ ಮೋನೆ ಜಿವೆರ್ನಿ ಎಂಬ ಹಳ್ಳಿಗೆ ಬಂದರು. ಪತ್ನಿ ಕಮೀಲ್ 1879ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಇಬ್ಬರು ಮಕ್ಕಳು, ಮುಂದೆ ಅವರ ಎರಡನೆಯ ಪತ್ನಿಯಾದ ಆಲಿಸ್, ಆಕೆಯ ಆರು ಮಕ್ಕಳು, ಹೀಗೆ ದೊಡ್ಡ ಸಂಸಾರ. ಮೊದಲು ಬಾಡಿಗೆಗಿದ್ದ ಮನೆಯನ್ನು 1890ರಲ್ಲಿ ಕೊಂಡುಕೊಂಡರು. 1893ರಲ್ಲಿ ರೈಲು ಹಳಿಯ ಆಚೆಗಿನ ನೆಲವನ್ನೂ ಕೊಂಡು, ಹೊಳೆಯ ಒಂದು ಕವಲಿನಿಂದ ನೀರು ತಿರುಗಿಸಿ ಕೊಳ ಮಾಡಲು ಹೊರಟಾಗ ಹಳ್ಳಿಯವರು ವಿರೋಧಿಸಿದರು. ಪರದೇಶದ ಈ ಗಿಡಗಳು ತಮ್ಮ ನೀರನ್ನು ಕೆಡಿಸಿಯಾವೆಂಬ ಭಯ ಅವರಿಗಿತ್ತು. ಇದು ಕಣ್ಣಿನ ಸಂತೋಷಕ್ಕಾಗಿ ಮತ್ತು ಚಿತ್ರ ಬರೆಯುವುದಕ್ಕಾಗಿ ಎಂದು ಮೋನೆ ಅಧಿಕಾರಿಗಳಿಗೆ ಬರೆದು ಒಪ್ಪಿಗೆ ಪಡೆಯಬೇಕಾಯಿತು.

ಕೊಳದಲ್ಲಿ ನೈದಿಲೆಗಳು ಅರಳಿದವು. ಜಪಾನಿನ ಚಿತ್ರಗಳಲ್ಲಿ ಕಂಡ ಬಾಗಿದ ಸೇತುವೆಯೊಂದು ಮೇಲೆ ಬಂತು. ಅದನ್ನು ನೋಡಿಕೊಳ್ಳಲು ಪ್ರತ್ಯೇಕವಾಗಿ ಒಬ್ಬ ತೋಟಗಾರನಿದ್ದನು. ದೋಣಿಯಲ್ಲಿ ಹೋಗಿ ಎಲೆಗಳನ್ನು ತೊಳೆದು, ಬಾಡಿದ ಹೂಗಳನ್ನು ತೆಗೆಯುವುದು ಅವನ ಕೆಲಸ. ಚಿತ್ರಕಾರನ ಹೆಸರನ್ನು ಲೋಕ ಬಲ್ಲದು. ಎಲೆ ತೊಳೆದ ಕೈಯನ್ನು ಬಲ್ಲವರು ಕಡಿಮೆ. ಆದರೆ ಆ ಕೈ ಇಲ್ಲದಿದ್ದರೆ ಆ ಚಿತ್ರಗಳೂ ಇರುತ್ತಿರಲಿಲ್ಲ.

ಮೋನೆ ಭಕ್ತರಾಗಿರಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ರೂಯೆನ್ ನಗರದ ಪ್ರಧಾನ ದೇವಾಲಯವನ್ನು ಅವರು ಎದುರು ಸಾಲಿನ ಕಟ್ಟಡಗಳ ಕಿಟಕಿಯಿಂದ 1892 ಮತ್ತು 1893ರಲ್ಲಿ ಸುಮಾರು 30 ಬಾರಿ ಚಿತ್ರಿಸಿದರು. ಅವರು ನೋಡಿದ್ದು ಒಳಗಿನ ಪೂಜಾಪೀಠವನ್ನಲ್ಲ, ಕಲ್ಲಿನ ಮೇಲೆ ಬಿದ್ದ ಬೆಳಕನ್ನು. ಆದರೂ ಒಂದೇ ದೇವಾಲಯದ ಮುಂದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಷ್ಟು ದಿನ ನಿಂತು ನೋಡಿದವರು ನಮ್ಮಂಥ ವಿಶ್ವಾಸಿಗಳಲ್ಲಿ ಎಷ್ಟು ಮಂದಿ ಇದ್ದೇವೆ?

ಯುದ್ಧದ ನಡುವೆ ಒಂದು ಕಾಣಿಕೆ

ವೃದ್ಧಾಪ್ಯವು ಮೋನೆಯವರಿಗೆ ಒಂದರ ಮೇಲೊಂದು ಪೆಟ್ಟು ಕೊಟ್ಟಿತು. 1911ರಲ್ಲಿ ಆಲಿಸ್ ತೀರಿಕೊಂಡರು. 1912ರಲ್ಲಿ ವೈದ್ಯರು ಕಣ್ಣಿನ ಪೊರೆಯನ್ನು ಗುರುತಿಸಿದರು. 1914ರ ಆರಂಭದಲ್ಲಿ ಹಿರಿಯ ಮಗ ಜಾನ್ ಸತ್ತನು. ಆ ವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕಿರಿಯ ಮಗ ಸೈನ್ಯ ಸೇರಿದನು. ಜಿವೆರ್ನಿಯಿಂದ ಹಲವರು ಊರು ಬಿಟ್ಟರು. ಮೋನೆ ತಮ್ಮ ಚಿತ್ರಗಳ ನಡುವೆಯೇ ಉಳಿದರು.

ಅಷ್ಟೊಂದು ಜನ ನರಳಿ ಸಾಯುತ್ತಿರುವಾಗ ತಾನು ಬಣ್ಣ ಮತ್ತು ಆಕಾರಗಳ ಬಗ್ಗೆ ಚಿಂತಿಸುತ್ತಿರುವುದಕ್ಕೆ ನಾಚಿಕೆಯಾಗುತ್ತದೆ ಎಂಬ ಅರ್ಥದಲ್ಲಿ 1914ರ ಡಿಸೆಂಬರಿನಲ್ಲಿ ಅವರು ಗೆಳೆಯನಿಗೆ ಬರೆದರು. ಓದುಗರೇ, ನಾವು ಮೊದಲಿಗೆ ಎತ್ತಿದ ಪ್ರಶ್ನೆಯೇ ಇದು. ಅದು ಅವರನ್ನೂ ಚುಚ್ಚಿತ್ತು. ಆದರೆ ಅವರು ಕುಂಚವನ್ನು ಕೆಳಗಿಡಲಿಲ್ಲ. ದೊಡ್ಡದೊಂದು ಚಿತ್ರಶಾಲೆಯನ್ನು ಕಟ್ಟಿಸಿ, ಸುಮಾರು 2 ಮೀಟರ್ ಎತ್ತರದ ಬಟ್ಟೆಗಳ ಮೇಲೆ ಅದೇ ಕೊಳ, ಅದೇ ನೈದಿಲೆಗಳನ್ನು ಬರೆಯತೊಡಗಿದರು. ಕಣ್ಣು ಬಣ್ಣವನ್ನು ಸರಿಯಾಗಿ ಗುರುತಿಸದಂತಾದಾಗ ಕೊಳವೆಯ ಮೇಲಿನ ಚೀಟಿಯನ್ನೂ, ಹಲಗೆಯ ಮೇಲೆ ಬಣ್ಣವಿಡುವ ಕ್ರಮವನ್ನೂ ನಂಬಿ ಕೆಲಸ ಮುಂದುವರಿಸಿದರು.

1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮರುದಿನವೇ ಮೋನೆ ತಮ್ಮ ಸ್ನೇಹಿತ, ಪ್ರಧಾನಿ ಜಾರ್ಜ್ ಕ್ಲೆಮೆನ್ಸೋ ಅವರಿಗೆ ಪತ್ರ ಬರೆದು, ಎರಡು ಚಿತ್ರಗಳನ್ನು ರಾಷ್ಟ್ರಕ್ಕೆ ಕೊಡುವುದಾಗಿ ತಿಳಿಸಿದರು. ಆ ಎರಡು ಬೆಳೆಯುತ್ತಾ 8 ಮಹಾಚಿತ್ರಗಳಾದವು. 1923ರಲ್ಲಿ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ತಿದ್ದಿದರು, ಮತ್ತೆ ಬರೆದರು. 1926ರ ಡಿಸೆಂಬರ್ 5ರಂದು ಸಾಯುವವರೆಗೂ ಅವುಗಳನ್ನು ಕೈಬಿಡಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಜೆರಿಯ ಎರಡು ಅಂಡಾಕಾರದ ಕೋಣೆಗಳಲ್ಲಿ ಅವು ಜನರಿಗೆ ತೆರೆದವು. ಅಲ್ಲಿ ಜಯಘೋಷವಿಲ್ಲ, ಖಡ್ಗವಿಲ್ಲ, ಸೇನಾಪತಿಯಿಲ್ಲ. ಮಕ್ಕಳನ್ನು ಕಳೆದುಕೊಂಡ ದೇಶಕ್ಕೆ ಒಬ್ಬ ಮುದುಕ ಕೊಟ್ಟದ್ದು ನೀರು, ಆಕಾಶದ ನೆರಳು ಮತ್ತು ಹೂ.

ತನ್ನ ಅಂತ್ಯಕ್ರಿಯೆಯಲ್ಲಿ ಧಾರ್ಮಿಕ ವಿಧಿ ಬೇಡವೆಂದು ಅವರು ಬಯಸಿದ್ದರು. ಆದರೂ ಅವರು ಮಲಗಿರುವುದು ಜಿವೆರ್ನಿಯ ಸಂತ ರಾಡೆಗುಂಡರ ದೇವಾಲಯದ ಅಂಗಳದಲ್ಲಿ, ತಮ್ಮವರ ಪಕ್ಕದಲ್ಲಿ. ಶವಪೆಟ್ಟಿಗೆಗೆ ಹೊದಿಸಿದ್ದ ಕಪ್ಪು ಬಟ್ಟೆಯನ್ನು ಕ್ಲೆಮೆನ್ಸೋ ತೆಗೆಸಿ, ಹೂವಿನ ಚಿತ್ತಾರದ ಬಟ್ಟೆ ಹೊದಿಸಿದರೆಂದು ಹೇಳುತ್ತಾರೆ. ತೀರ್ಪು ದೇವರದು, ನಮ್ಮದಲ್ಲ.

ಕೊಂಬಿನಿಂದ ಅರಳಿದ ಒಡವೆ

ಈಗ ಎರಡನೆಯ ಕುಶಲಕರ್ಮಿಯ ಕಡೆಗೆ ಬರೋಣ. ರೆನೆ ಲಾಲಿಕ್ 1860ರಲ್ಲಿ ಶಾಂಪೇನ್ ಪ್ರಾಂತ್ಯದ ಆಯಿ ಎಂಬ ಊರಿನಲ್ಲಿ ಹುಟ್ಟಿದರು. ಬಾಲ್ಯದ ರಜಾದಿನಗಳಲ್ಲಿ ಅಲ್ಲಿನ ಗಿಡ, ಹುಳ, ಹೂಗಳೇ ಅವರ ಪಾಠಶಾಲೆ. 1876ರಲ್ಲಿ ತಂದೆ ತೀರಿಕೊಂಡಾಗ ಹದಿನಾರರ ಹುಡುಗನನ್ನು ಪ್ಯಾರಿಸ್ಸಿನ ಅಕ್ಕಸಾಲಿಗ ಲೂಯಿ ಓಕಾಕ್ ಬಳಿ ಕೆಲಸ ಕಲಿಯಲು ಸೇರಿಸಲಾಯಿತು.

ಅಂದಿನ ಶ್ರೀಮಂತರ ಆಭರಣವೆಂದರೆ ವಜ್ರಗಳ ಪ್ರದರ್ಶನ. ಕಲ್ಲು ದೊಡ್ಡದಿದ್ದಷ್ಟೂ ಒಡವೆಯ ಬೆಲೆ ಹೆಚ್ಚು; ಅದನ್ನು ಮಾಡಿದ ಕೈಗೆ ಬೆಲೆ ಕಡಿಮೆ. ಲಾಲಿಕ್ ಇದನ್ನು ತಿರುಗಿಸಿದರು. ಚಿನ್ನದ ಜೊತೆಗೆ ದನದ ಕೊಂಬು, ಗಾಜು, ಎನಾಮೆಲ್ ಮುಂತಾದ ಅಗ್ಗದ ವಸ್ತುಗಳನ್ನು ಸಂಕೋಚವಿಲ್ಲದೆ ಬಳಸಿದರು. ಕೊಂಬನ್ನು ತೆಳ್ಳಗೆ ಕೆತ್ತಿ ತಲೆಯ ಬಾಚಣಿಗೆ ಮಾಡಿದರೆ ಅದರಲ್ಲಿ ಹೂಗೊಂಚಲು ಬಾಗುತ್ತಿತ್ತು. ಹೊಲದ ಬದಿಯ ಮುಳ್ಳುಗಿಡವೂ ಅವರ ಕೈಯಲ್ಲಿ ಕಂಠಾಭರಣದ ಯೋಗ್ಯತೆ ಪಡೆಯಿತು. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ರೆಕ್ಕೆಗಳನ್ನು ಅವರು ಎನಾಮೆಲ್‌ನಲ್ಲಿ ಮೂಡಿಸಿದ ಎದೆಯೊಡವೆ ಇಂದು ಲಿಸ್ಬನ್ನಿನ ಗುಲ್ಬೆಂಕಿಯನ್ ಸಂಗ್ರಹಕ್ಕೆ ಸೇರಿದೆ.

ಆ ರೆಕ್ಕೆಯ ಕೆಲಸ ಹೇಗೆಂದು ತಿಳಿದರೆ ನೀವು ಬೆರಗಾಗುವಿರಿ. ಲೋಹದ ನೂಲಿನಿಂದ ಸಣ್ಣ ಸಣ್ಣ ಕೋಣೆಗಳನ್ನು ಕಟ್ಟಿ, ಬಣ್ಣದ ಗಾಜಿನ ಪುಡಿಯನ್ನು ಅವುಗಳಲ್ಲಿ ತುಂಬಿ, ಕುಲುಮೆಯಲ್ಲಿ ಕರಗಿಸಬೇಕು. ಹಿಂದೆ ತಗಡಿನ ಆಸರೆ ಉಳಿಯುವಂತಿಲ್ಲ. ಆಗಲೇ ಬೆಳಕು ಹಾದುಬರುತ್ತದೆ. ಕುಲುಮೆಯ ಬಿಸಿ ಸ್ವಲ್ಪ ತಪ್ಪಿದರೂ ಬಿರುಕು, ಮತ್ತೆ ಮೊದಲಿನಿಂದ. ದೇವಾಲಯಗಳ ಬಣ್ಣದ ಗಾಜಿನ ಕಿಟಕಿಯನ್ನು ಅಂಗೈಯಷ್ಟಕ್ಕೆ ಇಳಿಸಿದಂತೆ ಅದು. ಮೋನೆ ಬಟ್ಟೆಯ ಮೇಲೆ ಹುಡುಕಿದ ಬೆಳಕನ್ನೇ ಲಾಲಿಕ್ ಒಡವೆಯೊಳಗೆ ಹುಡುಕಿದರು. ಲಾಲಿಕ್ ಇಂಪ್ರೆಷನಿಸ್ಟ್ ಪಂಥದವರಲ್ಲ, ಅದರ ನಂತರದ ‘ಹೊಸ ಕಲೆ’ಯವರು, ಆದರೆ ಇಬ್ಬರಿಗೂ ಗುರು ಒಂದೇ ತೋಟ.

1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಲಾಲಿಕ್ ಕೀರ್ತಿಶಿಖರ ಏರಿದರು. ಆದರೆ ಅಲ್ಲಿ ನಿಲ್ಲದೆ ಕ್ರಮೇಣ ಒಡವೆಗಳಿಂದ ಗಾಜಿನ ಕಡೆಗೆ ಹೊರಳಿದರು. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿರುವ ಸಂತ ಮತ್ತಾಯರ ಆಂಗ್ಲಿಕನ್ ದೇವಾಲಯಕ್ಕೆ, ಔಷಧ ವ್ಯಾಪಾರಿ ಜೆಸ್ಸಿ ಬೂಟ್ ಅವರ ನೆನಪಿಗಾಗಿ ಅವರ ಪತ್ನಿಯ ಕೋರಿಕೆಯಂತೆ ಲಾಲಿಕ್ ಗಾಜಿನ ಶಿಲುಬೆ, ಜ್ಞಾನಸ್ನಾನದ ತೊಟ್ಟಿ, ದೇವದೂತರನ್ನು ರಚಿಸಿಕೊಟ್ಟರು. ಅದು ಪೂರ್ಣಗೊಂಡದ್ದು 1934ರಲ್ಲಿ. ಆ ಗಾಜಿನಲ್ಲಿ ಮತ್ತೆ ಮತ್ತೆ ಅರಳಿರುವುದು ಲಿಲ್ಲಿ ಹೂವು. ಸಿರಿವಂತರ ಕೊರಳಿಗೆ ಹೂ ಕೆತ್ತಿದ ಕೈ, ಎಪ್ಪತ್ತು ದಾಟಿದ ಮೇಲೆ ಒಬ್ಬ ವಿಧವೆಯ ದುಃಖಕ್ಕೆ ಹೂ ಕೆತ್ತಿತು. ಊರಿನ ಶಿಶುಗಳ ತಲೆಗೆ ನೀರೆರೆಯುವ ತೊಟ್ಟಿಯನ್ನೂ ಕೊಟ್ಟಿತು. ಮರಳುಗಾಡಿನ ದೀಪಸ್ತಂಭದ ಬಾದಾಮಿ ಹೂವಿಗೂ ಈ ಲಿಲ್ಲಿಗೂ ನಡುವಿನ ದಾರಿ ನಾವು ಭಾವಿಸಿದಷ್ಟು ದೂರವಲ್ಲ.

ನಮ್ಮ ಪಾಲಿನ ಕೆಲಸ

ಸಂತ ಎರಡನೆಯ ಜಾನ್ ಪಾಲರು 1999ರ ಪಾಸ್ಖ ಹಬ್ಬದಂದು ಕಲಾವಿದರಿಗೆ ಒಂದು ಪತ್ರ ಬರೆದರು. ಶೂನ್ಯದಿಂದ ಉಂಟುಮಾಡುವವರು ದೇವರೊಬ್ಬರೇ. ಇರುವ ವಸ್ತುವಿಗೆ ರೂಪ, ಅರ್ಥ ಕೊಡುವುದು ಮನುಷ್ಯನ ಪಾಲಿಗೆ ಬಂದ ಕೆಲಸ ಎಂಬ ಭೇದವನ್ನು ಅವರು ಅಲ್ಲಿ ವಿವರಿಸಿದ್ದಾರೆ. ಇದನ್ನು ಅರಿತವನಿಗೆ ಗರ್ವ ಬಾರದು, ಕೀಳರಿಮೆಯೂ ಬೇಡ. ಹೊರಗಿನ ಅಲಂಕಾರವನ್ನೇ ನಂಬಬೇಡಿರೆಂದು ಪ್ರೇಷಿತ ಪೇತ್ರರು ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ನಮ್ಮ ಮದುವೆ ಮನೆಗಳಿಗೆ ಇಂದಿಗೂ ಬೇಕು. ಸಾಲ ಮಾಡಿ ತಂದ ಸರವು ನೆರೆಯವರ ಕಣ್ಣು ಕುಕ್ಕಲೆಂದು ಕೊರಳೇರಿದರೆ ಅದು ಚಿನ್ನದ ಕರುವಿನ ಮರಿಯೇ ಸರಿ. ಆದರೆ ಮಗಳೊಬ್ಬಳು ಅಂಗಳದ ದಾಸವಾಳವನ್ನು ಗಂಟೆಗಟ್ಟಲೆ ನೋಡಿ, ಮಣ್ಣಿನಲ್ಲೋ ಮಣಿಯಲ್ಲೋ ಅದರ ರೂಪವನ್ನು ತಂದು ಅಜ್ಜಿಗೆ ಓಲೆ ಮಾಡಿಕೊಟ್ಟರೆ, ಅದನ್ನು ಕಾಲಹರಣವೆಂದು ಗದರಿಸುವ ಮುನ್ನ ನಾವು ಬೆಚಲೇಲನನ್ನು ನೆನೆಯಬೇಕು.

ನರಳುವವರ ನಡುವೆ ಹೂವನ್ನು ನೋಡುವುದು ಸರಿಯೇ ಎಂಬ ಪ್ರಶ್ನೆಗೆ ಈ ಇಬ್ಬರ ಬಾಳು ಕೊಡುವ ಉತ್ತರ ಇಷ್ಟು: ನೋಡಿದ್ದನ್ನು ತನಗೇ ಇಟ್ಟುಕೊಂಡರೆ ಸರಿಯಲ್ಲ, ನೊಂದವರ ಮುಂದೆ ಕಾಣಿಕೆಯಾಗಿ ಇಟ್ಟರೆ ಸರಿ. ಪ್ರಭು ಯೇಸು ಬೆಟ್ಟದ ಮೇಲೆ ಉಪದೇಶಿಸುತ್ತಾ ಜನರ ಗಮನವನ್ನು ಹೊಲದ ಹೂವುಗಳ ಕಡೆಗೆ ತಿರುಗಿಸಿದಾಗ, ಅಲ್ಲಿ ಕುಳಿತಿದ್ದವರಲ್ಲಿ ನಾಳಿನ ಊಟದ ಚಿಂತೆಯಿದ್ದವರು ಕಡಿಮೆಯಿರಲಿಲ್ಲ. ಅವರಿಗೇ ಪ್ರಭು ಹೂವನ್ನು ತೋರಿಸಿದರು.

ಈ ಭಾನುವಾರ ಪೂಜೆ ಮುಗಿಸಿ ಹೊರಬಂದಾಗ, ಓದುಗರೇ, ದೇವಾಲಯದ ಅಂಗಳದಲ್ಲಿ ಒಂದು ಗಿಡದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಕ್ಕಳ ಕೈಯನ್ನೂ ಹಿಡಿದುಕೊಂಡು ನಿಲ್ಲಿ. ಮನೆಗೆ ಹೋಗಿ ಅವರು ಏನನ್ನಾದರೂ ಮಾಡಲು ಕುಳಿತರೆ, ಅದನ್ನು ಯಾರಿಗೆ ಕೊಡುವೆ ಎಂದು ಮಾತ್ರ ಕೇಳಿರಿ.